ಸಿನಿಮಾ ಬಿಟ್ಟು ಬರೀ ಬಿಜಿಎಂ ಕೇಳೋದು ಹೇಗೆ? ಕೊಡಗಿನ ಕೇಳುಗರಿಗೆ ಒಂದು ಮಾರ್ಗದರ್ಶಿ

ಪದೇ ಪದೇ ಬರುವ ಪ್ರಶ್ನೆ ಒಂದೇ. "ಹಾಡು ಕೇಳ್ತೀವಿ, ಸರಿ. ಆದರೆ ಬರೀ ಬಿಜಿಎಂ ಹಾಕ್ಕೊಂಡು ಒಂದು ಗಂಟೆ ಕೂರೋದು ಹೇಗೆ? ಹತ್ತು ನಿಮಿಷಕ್ಕೇ ನಿದ್ದೆ ಬರುತ್ತಲ್ಲ?" ಗೋಣಿಕೊಪ್ಪಲಿನವರು, ಸೋಮವಾರಪೇಟೆಯವರು, ಓದೋಕೆ ಅಂತ ಮೈಸೂರಿಗೆ ಹೋಗಿರುವ ಹುಡುಗ ಹುಡುಗಿಯರು, ಎಲ್ಲರದ್ದೂ ಇದೇ ಮಾತು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಇಲ್ಲೇ ಒಟ್ಟಿಗೆ ಬರೆದುಬಿಡುತ್ತೇನೆ.

ಪದ ಇಲ್ಲದ ಸಂಗೀತ ನಮಗೆ ಒಗ್ಗಲ್ಲ ಅನ್ನೋ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊಡಗಿನ ಮದುವೆ ಮನೆಯಲ್ಲಿ ವಾಲಗ ಶುರುವಾದ ಮೇಲೆ ಪದ ಎಲ್ಲಿ ಅಂತ ಯಾರಾದರೂ ಕೇಳಿದ್ದುಂಟಾ? ಎದ್ದು ಕುಣಿಯುತ್ತಾರೆ, ಅಷ್ಟೇ. ತೊಂದರೆ ಇರೋದು ಬೇರೆ ಕಡೆ. ಸಿನಿಮಾದ ಹಿನ್ನೆಲೆ ಸಂಗೀತದಲ್ಲಿ ಬಹುಪಾಲು ಬರೆದಿರೋದೇ ಮಾತಿನ ಕೆಳಗೆ ಸದ್ದಿಲ್ಲದೆ ಕೂತಿರಲಿ ಅಂತ. ಹೀರೋ ಮಾತಾಡುವಾಗ ಅದು ಜಾಗ ಬಿಡಬೇಕು, ಬಾಗಿಲು ತೆರೆದಾಗ ತಟ್ಟನೆ ನಿಲ್ಲಬೇಕು. ಅಂಥದ್ದನ್ನು ಸಿನಿಮಾದಿಂದ ಕಿತ್ತು ತಂದು ಕೇಳಿದರೆ ಬೋರ್ ಹೊಡೆಯೋದು ಸಹಜ. ಹಾಗಾಗಿ ಮುಖ್ಯ ಕೆಲಸ ಎರಡು. ಸಿನಿಮಾ ಇಲ್ಲದೆಯೂ ನಿಲ್ಲಬಲ್ಲ ಆಲ್ಬಂ ಆರಿಸಿಕೊಳ್ಳೋದು. ಆಮೇಲೆ ಅದರಲ್ಲಿ ಒಂದೇ ಒಂದು ಧಾಟಿಯನ್ನು ಹಿಡಿದು, ಅದು ಎಲ್ಲೆಲ್ಲಿಗೆ ಹೋಗುತ್ತೆ ಅಂತ ಬೆನ್ನು ಹತ್ತೋದು. ಉಳಿದದ್ದೆಲ್ಲ ಇದಕ್ಕೆ ಮಾಡಿಕೊಳ್ಳುವ ತಯಾರಿ.

ಕೆಲವು ಮಾತುಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಬಿಜಿಎಂ, ಹಿನ್ನೆಲೆ ಸಂಗೀತ, ಸ್ಕೋರ್ ಮೂರೂ ಒಂದೇ: ದೃಶ್ಯಕ್ಕಂತ ಬರೆದ, ಹಾಡಲ್ಲದ ಸಂಗೀತ. ಗಾಂಧಿನಗರದವರು ಇದನ್ನು ರೀರೆಕಾರ್ಡಿಂಗ್ ಅಥವಾ ಆರ್‌ಆರ್ ಅನ್ನುತ್ತಾರೆ. ಸೌಂಡ್‌ಟ್ರ್ಯಾಕ್ ಅಂದರೆ ಸಿನಿಮಾದ ಹೆಸರಲ್ಲಿ ಬಂದ ಆಲ್ಬಂ. ಅದರಲ್ಲಿ ಬರೀ ಹಾಡಿರಬಹುದು, ಬರೀ ಬಿಜಿಎಂ ಇರಬಹುದು, ಎರಡೂ ಕಲಸಿರಬಹುದು. ಕ್ಯೂ ಅಂದರೆ ಒಂದು ದೃಶ್ಯಕ್ಕೆ ಬರೆದ ಒಂದು ತುಣುಕು. ಥೀಮ್ ಅಂದರೆ ಒಂದು ಪಾತ್ರಕ್ಕೋ ಊರಿಗೋ ಭಯಕ್ಕೋ ಅಂಟಿಸಿದ ಧಾಟಿ, ಅದು ಸಿನಿಮಾದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಫೋನ್, ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್, ಹಾಡಿನ ಒಂದು ಆ್ಯಪ್, ಮತ್ತೆ ಯಾರೂ ಕರೆಯದ ಮುಕ್ಕಾಲು ಗಂಟೆ. ಕೊನೆಯದು ಸಿಗೋದೇ ಕಷ್ಟ. ವೈರ್ ಇರುವ ಸಾಧಾರಣ ಇಯರ್‌ಫೋನ್ ಆದರೂ ನಡೆಯುತ್ತದೆ. ಫೋನಿನ ಸ್ಪೀಕರ್ ಮಾತ್ರ ಬೇಡವೇ ಬೇಡ. ತಗ್ಗಿನ ಸ್ವರಗಳು ಅದರಲ್ಲಿ ಬರೋದೇ ಇಲ್ಲ, ಅಂದರೆ ಅರ್ಧ ಸಂಗೀತ ಹೋಯ್ತು ಅಂತಲೇ ಲೆಕ್ಕ.

1. ಸರಿಯಾದ ಆಲ್ಬಂ ಹುಡುಕಿ

ಹೆಚ್ಚಿನವರು ಎಡವೋದು ಇಲ್ಲೇ. ಸಿನಿಮಾದ ಹೆಸರು ಬರೆದು ಹುಡುಕುತ್ತಾರೆ, ಮೊದಲು ಬಂದದ್ದನ್ನು ಒತ್ತುತ್ತಾರೆ. ಹುಡುಕುವಾಗ ಸಿನಿಮಾ ಹೆಸರಿನ ಜೊತೆ ಇಂಗ್ಲಿಷಿನಲ್ಲಿ 'ಒರಿಜಿನಲ್ ಸ್ಕೋರ್' ಅಂತಲೋ 'ಬ್ಯಾಕ್‌ಗ್ರೌಂಡ್ ಸ್ಕೋರ್' ಅಂತಲೋ ಸೇರಿಸಿ. ನಮ್ಮ ಸಿನಿಮಾಗಳಿಗಾದರೆ 'ಬಿಜಿಎಂ' ಅಂತ ಸೇರಿಸಿ. ಆಮೇಲೆ ಕಲಾವಿದರ ಹೆಸರು ಇರುವ ಜಾಗ ನೋಡಿ. ಅಲ್ಲಿ ಸಂಗೀತ ನಿರ್ದೇಶಕರ ಹೆಸರೇ ಇರಬೇಕು. ಯಾವುದೋ 'ಫಿಲ್ಮ್ ಆರ್ಕೆಸ್ಟ್ರಾ', 'ಟ್ರಿಬ್ಯೂಟ್', 'ಎಪಿಕ್ ವರ್ಶನ್' ಅಂತಿದ್ದರೆ ಅದು ಬೇರೆಯವರು ಮತ್ತೆ ನುಡಿಸಿದ್ದು. ಕೆಟ್ಟದ್ದು ಅಂತಲ್ಲ, ಆದರೆ ನೀವು ಹುಡುಕಿದ್ದು ಅದಲ್ಲ.

ಇದು ಇವತ್ತಿನ ಕಾಟವೂ ಅಲ್ಲ. 'ಬ್ಲೇಡ್ ರನ್ನರ್' 1982ರಲ್ಲಿ ಬಂತು. ಅದಕ್ಕೆ ಸಂಗೀತ ಮಾಡಿದ ವ್ಯಾಂಜೆಲಿಸ್ ಅವರ ಸ್ವಂತ ಆಲ್ಬಂ ಹೊರಬಂದದ್ದು 1994ರಲ್ಲಿ. ನಡುವೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಬೇರೊಂದು ಆರ್ಕೆಸ್ಟ್ರಾ ನುಡಿಸಿದ ಆಲ್ಬಂ. ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಕಟ್ಟಿದ್ದನ್ನು ಆರ್ಕೆಸ್ಟ್ರಾದಲ್ಲಿ ಕೇಳಿದ ಜನ ಎಷ್ಟೋ ವರ್ಷ ಅದನ್ನೇ ನಂಬಿಕೊಂಡು ಕೂರಬೇಕಾಯ್ತು.

ಎಚ್ಚರಿಕೆ: ಸಿನಿಮಾದಿಂದಲೇ ಕತ್ತರಿಸಿ ಹಾಕಿದ ಬಿಜಿಎಂ ವಿಡಿಯೋಗಳಲ್ಲಿ ಗುದ್ದು, ಗಾಜು ಒಡೆಯುವ ಸದ್ದು, ಡೈಲಾಗ್ ಎಲ್ಲವೂ ಇರುತ್ತದೆ. 'ಸ್ಲೋಡ್' (ವೇಗ ತಗ್ಗಿಸಿದ್ದು), 'ಹತ್ತು ಗಂಟೆ ಲೂಪ್' ಇಂಥದ್ದನ್ನೂ ಬಿಡಿ. ಟ್ರೇಲರ್‌ನಲ್ಲಿ ಬಂದ ಸಂಗೀತ ಹುಡುಕುತ್ತಾ ಹೋದರೆ ಆಲ್ಬಂನಲ್ಲಿ ಸಿಗದೇ ಇರಬಹುದು. ಹಾಲಿವುಡ್‌ನಲ್ಲಿ ಟ್ರೇಲರ್‌ನ ಸಂಗೀತವನ್ನು ಎಷ್ಟೋ ಸಲ ಬೇರೆಯವರೇ ಮಾಡಿರುತ್ತಾರೆ.

2. ಮೊದಲ ಆಯ್ಕೆಗೆ ಒಂದು ಸುಲಭದ ಗುರುತು

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವ ಗುರುತು ಇದು: ಚಿತ್ರೀಕರಣ ಮುಗಿಯುವ ಮುಂಚೆಯೇ ಹುಟ್ಟಿದ ಸಂಗೀತ ಆರಿಸಿಕೊಳ್ಳಿ. ಸಾಮಾನ್ಯವಾಗಿ ಸಿನಿಮಾ ಎಡಿಟ್ ಆದ ಮೇಲೆ, ಸೆಕೆಂಡು ಲೆಕ್ಕ ಹಾಕಿಕೊಂಡು, ದೃಶ್ಯಕ್ಕೆ ಹೊಂದುವ ಹಾಗೆ ಬಿಜಿಎಂ ಬರೆಯುತ್ತಾರೆ. ಆದರೆ ಕೆಲವು ಕಡೆ ಸಂಗೀತವೇ ಮೊದಲು ಬಂದಿದೆ. ಅಂಥದ್ದಕ್ಕೆ ಉಸಿರಾಡೋಕೆ ಜಾಗ ಸಿಕ್ಕಿರುತ್ತದೆ, ಅದರದ್ದೇ ಆದ ಶುರು, ನಡು, ಕೊನೆ ಇರುತ್ತದೆ. ಬೇರೆಯಾಗಿ ಕೇಳಿದರೂ ಕುಂಟುವುದಿಲ್ಲ.

'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' (1968) ಇದಕ್ಕೆ ಒಳ್ಳೆಯ ಉದಾಹರಣೆ. ಎನ್ನಿಯೊ ಮೊರಿಕೋನೆ ಸಂಗೀತವನ್ನು ಮೊದಲೇ ಮಾಡಿಕೊಟ್ಟಿದ್ದರು. ನಿರ್ದೇಶಕ ಸರ್ಜಿಯೊ ಲಿಯೋನೆ ಅದನ್ನು ಶೂಟಿಂಗ್ ನಡೆಯುವಾಗಲೇ ಹಾಕಿಸುತ್ತಿದ್ದರು, ಅಂದರೆ ನಟರು ಸಂಗೀತಕ್ಕೆ ತಕ್ಕ ಹಾಗೆ ನಡೆದರು. ಜಪಾನಿನ ಜೋ ಹಿಸೈಶಿ ಅವರ ದಾರಿಯೂ ಇದೇ ಥರ. ಮಿಯಾಝಾಕಿ ಅವರ ಅನಿಮೇಶನ್ ಸಿನಿಮಾಗಳಿಗೆ ಅವರು ಚಿತ್ರ ಪೂರ್ತಿಯಾಗುವ ಮುಂಚೆಯೇ 'ಇಮೇಜ್ ಆಲ್ಬಂ' ಅಂತ ಒಂದು ಮಾಡುತ್ತಿದ್ದರು. ಕಥೆಯ ಎಳೆ, ಒಂದಷ್ಟು ರೇಖಾಚಿತ್ರ, ಅಷ್ಟನ್ನೇ ಇಟ್ಟುಕೊಂಡು ಕಟ್ಟಿದ ಸಂಗೀತ ಅದು. ಇನ್ನು 'ಇಂಟರ್‌ಸ್ಟೆಲ್ಲಾರ್' (2014). ಕ್ರಿಸ್ಟೋಫರ್ ನೋಲನ್ ಅವರು ಹ್ಯಾನ್ಸ್ ಝಿಮ್ಮರ್‌ಗೆ ಮೊದಲು ಕೊಟ್ಟದ್ದು ಒಂದೇ ಒಂದು ಪುಟ. ಅದರಲ್ಲಿ ಅಂತರಿಕ್ಷವೂ ಇಲ್ಲ, ರಾಕೆಟ್ಟೂ ಇಲ್ಲ, ಒಬ್ಬ ಅಪ್ಪ ಮತ್ತು ಮಗುವಿನ ವಿಷಯ ಅಷ್ಟೇ. ಆ ಪುಟದಿಂದ ಹುಟ್ಟಿದ ಧಾಟಿಯೇ ಮುಂದೆ ಸಿನಿಮಾದ ಬೇರಾಯಿತು.

ಈ ಗುರುತಿಗೆ ಹೊರತಾದವೂ ಇವೆ, ಬೇಕಾದಷ್ಟು. 'ಪಥೇರ್ ಪಾಂಚಾಲಿ'ಗೆ (1955) ಪಂಡಿತ್ ರವಿಶಂಕರ್ ಒಂದೇ ರಾತ್ರಿಯ ಕೂಟದಲ್ಲಿ ಸಂಗೀತ ಮಾಡಿ ಮುಗಿಸಿದರು, ಅದೂ ಸಿನಿಮಾದ ಒಂದು ಭಾಗ ಮಾತ್ರ ನೋಡಿ. ಬರ್ನಾರ್ಡ್ ಹರ್ಮನ್ 'ಸೈಕೋ'ಗೆ (1960) ತಂತಿವಾದ್ಯ ಬಿಟ್ಟು ಬೇರೇನನ್ನೂ ಬಳಸಲಿಲ್ಲ. ಡೋಲಿಲ್ಲ, ಕಹಳೆಯಿಲ್ಲ, ಕೊಳಲಿಲ್ಲ. ಇವು ಮಾತಿನ ಕೆಳಗೆ ಅಡಗುವ ಜಾತಿಯವಲ್ಲ.

ಕನ್ನಡದಲ್ಲಿ ಶುರು ಮಾಡಬೇಕು ಅಂದರೆ ಎಲ್. ವೈದ್ಯನಾಥನ್ ಅವರನ್ನು ಹಿಡಿಯಿರಿ. 'ಮಾಲ್ಗುಡಿ ಡೇಸ್' ಧಾರಾವಾಹಿಯ ಶುರುವಿನ ಧಾಟಿ ಗೊತ್ತಿಲ್ಲದವರು ಕಡಿಮೆ. 1987ರಲ್ಲಿ ಬಂದ 'ಪುಷ್ಪಕ ವಿಮಾನ'ಕ್ಕೂ ಅವರದೇ ಸಂಗೀತ. ಅದರಲ್ಲಿ ಡೈಲಾಗೇ ಇಲ್ಲ, ಹಾಗಾಗಿ ಸಂಗೀತ ಯಾರ ಮಾತಿಗೂ ಜಾಗ ಬಿಟ್ಟುಕೊಡಬೇಕಾಗಿರಲಿಲ್ಲ. ಇಳಯರಾಜಾ ಅವರ 'ಪಲ್ಲವಿ ಅನುಪಲ್ಲವಿ' (1983) ಧಾಟಿಯ ಕಥೆಯೂ ನಿಮಗೆ ಗೊತ್ತಿರಬಹುದು. ಎಷ್ಟೋ ವರ್ಷದ ಮೇಲೆ ಅದು ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶದ ತುಂಬಾ ಕೇಳಿಸಿತು. ಆ ಧಾಟಿಯನ್ನು ಗುನುಗಿದವರಲ್ಲಿ ಮುಕ್ಕಾಲು ಜನ ಆ ಸಿನಿಮಾ ನೋಡಿಯೇ ಇರಲಿಲ್ಲ ಅಂತ ನನ್ನ ಗುಮಾನಿ. ಹೊಸದರಲ್ಲಿ ರವಿ ಬಸ್ರೂರು, ಅಜನೀಶ್ ಲೋಕನಾಥ್, ಚರಣ್ ರಾಜ್ ಮೂವರದ್ದೂ ಕೇಳಿ. ಮೂವರ ರುಚಿಯೂ ಬೇರೆ ಬೇರೆ.

ನನ್ನ ಸಲಹೆ ಕೇಳಿದರೆ, ತೀರಾ ಹೊಸಬರು 'ಇಂಟರ್‌ಸ್ಟೆಲ್ಲಾರ್' ತಗೊಳ್ಳಿ ಅಥವಾ ಹಿಸೈಶಿಯ 'ಸ್ಪಿರಿಟೆಡ್ ಅವೇ' (2001) ತಗೊಳ್ಳಿ. ಒಂದರಲ್ಲಿ ಆರ್ಗನ್, ಇನ್ನೊಂದರಲ್ಲಿ ಪಿಯಾನೋ. ಯಾವುದು ಯಾವಾಗ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ, ಅದಕ್ಕೆ ಹವಾಮಾನ ನೋಡಬೇಕು.

3. ಫೋನನ್ನು ಸರಿ ಮಾಡಿಕೊಳ್ಳಿ

ಹಾಡು ಕೇಳೋಕೆ ಮಾಡಿಟ್ಟ ಸೆಟ್ಟಿಂಗ್ ಬಿಜಿಎಂಗೆ ಆಗಿಬರುವುದಿಲ್ಲ. ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಆಫ್ ಮಾಡಿ, ಅಂದರೆ ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಕಲಸುವ ಸೌಲಭ್ಯ. ಗ್ಯಾಪ್‌ಲೆಸ್ ಅಂತ ಇದ್ದರೆ ಆನ್ ಮಾಡಿ, ಎಷ್ಟೋ ಆಲ್ಬಂಗಳಲ್ಲಿ ಒಂದು ತುಣುಕು ನಿಲ್ಲದೆ ಇನ್ನೊಂದಕ್ಕೆ ಹರಿಯುತ್ತದೆ. ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಕೊನೆಯ ಸ್ವರ ಇನ್ನೂ ಕಿವಿಯಲ್ಲಿರುವಾಗಲೇ ಆ್ಯಪ್ ತನಗೆ ತೋಚಿದ ಡ್ಯಾನ್ಸ್ ನಂಬರ್ ಹಾಕಿಬಿಡುತ್ತದೆ.

ಇದರಲ್ಲೆಲ್ಲ ಮುಖ್ಯವಾದದ್ದು ನಾರ್ಮಲೈಸೇಶನ್. ಎಲ್ಲ ಹಾಡುಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಇದು. ಹಾಡುಗಳಿಗೆ ಒಳ್ಳೆಯದೇ. ಆದರೆ ಬಿಜಿಎಂನಲ್ಲಿ ಒಂದು ತುಣುಕು ಪಿಸುಮಾತಿನಷ್ಟು ಮೆಲ್ಲಗೆ, ಮುಂದಿನದು ಗೋಡೆ ನಡುಗುವಷ್ಟು ಜೋರಾಗಿ ಇರೋದು ಬೇಕಂತಲೇ ಮಾಡಿದ್ದು. ಆ ಏರಿಳಿತವನ್ನು ಸಪಾಟು ಮಾಡಿದರೆ ಉಳಿಯೋದೇನು? ಆಫ್ ಮಾಡಿಬಿಡಿ. ಬಾಸ್ ಬೂಸ್ಟ್, ಥ್ರೀಡಿ ಸರೌಂಡ್ ಅವನ್ನೂ ಆಫ್ ಮಾಡಿ. ಮನೆಯಲ್ಲಿ ಹಳೆಯ ಹೋಮ್ ಥಿಯೇಟರ್ ಇದ್ದರೆ ಸ್ಟೀರಿಯೋಗೆ ಹಾಕಿಕೊಳ್ಳಿ.

ವಾಲ್ಯೂಮ್ ಇಡುವ ಕ್ರಮ: ಆಲ್ಬಂನಲ್ಲಿ ಜೋರಾಗಿರುವ ತುಣುಕನ್ನು ಮೊದಲು ಹಾಕಿ, ಅದು ಕಿವಿಗೆ ಹಿತವಾಗುವಷ್ಟಕ್ಕೆ ನಿಲ್ಲಿಸಿ. ಆಮೇಲೆ ಮೊದಲಿಂದ ಶುರು ಮಾಡಿ, ಮತ್ತೆ ಮುಟ್ಟಬೇಡಿ. ಮೆಲ್ಲಗಿನ ಜಾಗದಲ್ಲಿ ಕೇಳಿಸಲಿಲ್ಲ ಅಂತ ಏರಿಸಿದವರ ಕಿವಿಗೆ ಎರಡು ನಿಮಿಷದಲ್ಲಿ ಪೆಟ್ಟು ಬೀಳುತ್ತದೆ.

ಆಲ್ಬಂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಸ್ಪಾಟಿಫೈನಂಥ ಆ್ಯಪ್‌ನಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ ಈ ಸೌಲಭ್ಯ. ಇಳಿಸಿಟ್ಟದ್ದು ಉಳಿಯಬೇಕಾದರೆ 30 ದಿನದೊಳಗೆ ಒಮ್ಮೆಯಾದರೂ ನೆಟ್‌ಗೆ ಬರಬೇಕು.

4. ಹೊತ್ತು, ಜಾಗ, ಮಳೆ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯೊಳಗೆ ನಿಶ್ಶಬ್ದ ಅನ್ನೋದೇ ಇಲ್ಲ. ಅದರಲ್ಲೂ ಕಕ್ಕಡ ತಿಂಗಳಲ್ಲಿ, ಶೀಟಿನ ಮಾಡಿದ್ದರೆ, ಪಕ್ಕದಲ್ಲಿ ಕೂತವರ ಮಾತೇ ಕೇಳಿಸಲ್ಲ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ 'ಸ್ಸ್' ಅನ್ನುವ ಮೇಲಿನ ಸ್ವರದ ಪಾಲು ಜಾಸ್ತಿ. ಪಿಯಾನೋದ ಒಂಟಿ ಸ್ವರ ಮೆಲ್ಲಗೆ ಕರಗುತ್ತಾ ಹೋಗುತ್ತದಲ್ಲ, ಆ ಬಾಲ. ಸರೋದ್ ತಂತಿ ಮೀಟಿದ ಮೇಲೆ ಉಳಿಯುವ ಝೇಂಕಾರ. ವಯಲಿನ್ ಕಮಾನು ತಂತಿಗೆ ತಾಗುವ ಆ ಸಣ್ಣ ಉಜ್ಜು. ಮಳೆ ಮೊದಲು ನುಂಗೋದು ಇವನ್ನೇ. ಹೆಂಚಿನ ಮನೆಯಲ್ಲಿ ಸ್ವಲ್ಪ ಪರವಾಗಿಲ್ಲ. ತಾರಸಿ ಮನೆಯಲ್ಲಿ ಇನ್ನೂ ವಾಸಿ.

ಹಾಗಾಗಿ ಮಳೆಗಾಲಕ್ಕೆ ದಪ್ಪ ಸಂಗೀತ ಇಟ್ಟುಕೊಳ್ಳಿ. ಆರ್ಗನ್, ಕಹಳೆ, ಡೋಲು, ಕೋರಸ್ ಇರುವಂಥದ್ದು. 'ಇಂಟರ್‌ಸ್ಟೆಲ್ಲಾರ್' ಇಲ್ಲಿಗೆ ಸರಿ. ಅದರ ಆರ್ಗನ್ ರೆಕಾರ್ಡ್ ಆದದ್ದು ಲಂಡನ್ನಿನ ಟೆಂಪಲ್ ಚರ್ಚ್‌ನಲ್ಲಿ, ನುಡಿಸಿದವರು ಅಲ್ಲಿನ ರಾಜರ್ ಸೇಯರ್. ಕೊಳವೆಗಳಿಂದ ಬರುವ ತಗ್ಗಿನ ಸ್ವರ ಮಳೆಯ ಸದ್ದಿನ ಅಡಿಯಿಂದ ಎದ್ದು ಬರುತ್ತದೆ. ಹಿಸೈಶಿಯ ಪಿಯಾನೋ, 'ಪಥೇರ್ ಪಾಂಚಾಲಿ'ಯ ಸಿತಾರ್, ಇವನ್ನು ಮಳೆ ನಿಂತ ಮೇಲೆ, ಹುತ್ತರಿ ಕಳೆದ ಚಳಿಗಾಲದ ರಾತ್ರಿಗಳಿಗೆ ಎತ್ತಿಡಿ. ಕಾಫಿ ಕೊಯ್ಲಿನ ದಿನ ಮಾತ್ರ ಬೇಡ, ಕೂತಲ್ಲೇ ಗೊರಕೆ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಹೋದ ಮೇಲಿನ ಸಂಜೆಗಳು ನನ್ನ ಲೆಕ್ಕದಲ್ಲಿ ವರ್ಷದಲ್ಲೇ ಒಳ್ಳೆಯ ಹೊತ್ತು.

ಮಳೆಯಲ್ಲೂ ಪಿಯಾನೋನೇ ಬೇಕು ಅನ್ನುವವರು ಕಿವಿಯೊಳಗೆ ರಬ್ಬರ್ ತುದಿ ಕೂರುವ ಇಯರ್‌ಫೋನ್ ತಗೊಳ್ಳಿ. ಸದ್ದು ಕತ್ತರಿಸೋಕೆ ವಾಲ್ಯೂಮ್ ಏರಿಸೋದು ದಾರಿಯಲ್ಲ.

ಎಚ್ಚರಿಕೆ ಎರಡು. ಒಂದು: ತೋಟದಲ್ಲಿ ನಡೆಯುತ್ತಾ ಕೇಳಬೇಡಿ, ಬೆಳಗಿನ ಜಾವ ಮತ್ತು ಸಂಜೆ ಅಂತೂ ಖಂಡಿತ ಬೇಡ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಂಬೆ ಮುರಿಯುವ ಸದ್ದು ಕಿವಿಗೆ ಬೀಳದಿದ್ದರೆ ಆನೆ ಎದುರಿಗೆ ನಿಂತಾಗಲೇ ಗೊತ್ತಾಗೋದು. ಹೊರಗಿನ ಸದ್ದು ಪೂರ್ತಿ ತಡೆಯುವ ಹೆಡ್‌ಫೋನ್ ಹಾಕಿಕೊಂಡು ತೋಟಕ್ಕೆ ಇಳಿಯೋದು ಸುಮ್ನೆ ಅಪಾಯ ಕರೆದಂಗೆ. ಎರಡು: ಸಂಪಾಜೆ ಘಾಟಿಯಲ್ಲಿ ಗಾಡಿ ಓಡಿಸುವಾಗ ಇಂಥ ಸಂಗೀತ ಬೇಡ. ಮೆಲ್ಲಗಿದ್ದದ್ದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಸಿಡಿಯುತ್ತದೆ, ಇಲ್ಲವೇ ಇಂಜಿನ್ ಸದ್ದಿಗೆ ಏನೂ ಕೇಳಿಸದೆ ನಿಮ್ಮ ಕೈ ವಾಲ್ಯೂಮ್ ಕಡೆ ಹೋಗುತ್ತದೆ.

5. ಮೊದಲ ಸಲ ಏನೂ ಮಾಡಬೇಡಿ

ಫೋನ್ ಡು ನಾಟ್ ಡಿಸ್ಟರ್ಬ್‌ಗೆ ಹಾಕಿ. ಪೂರ್ತಿ ಆಲ್ಬಂ ಬೇಡ, ಮೊದಲ ಇಪ್ಪತ್ತು ನಿಮಿಷ ಸಾಕು. ಹೆಸರು ನೋಡಬೇಡಿ, ಯಾವ ಸೀನು ಅಂತ ಊಹಿಸಬೇಡಿ. ಮನಸ್ಸು ಬೇರೆ ಕಡೆ ಹೋದರೆ ಹೋಗಲಿ. ಎಲ್ಲಿ ತಾನಾಗಿ ವಾಪಸ್ ಬಂತು ಅನ್ನೋದನ್ನು ಮಾತ್ರ ಗಮನಿಸಿ. ಆ ತುಣುಕು ಎಷ್ಟನೆಯದು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಹಂತ ಅಲ್ಲಿಂದಲೇ ಶುರು.

ಹೆಸರು ನೋಡಬೇಡಿ ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಆಲ್ಬಂಗಳಲ್ಲಿ ಹೆಸರೇ ಕಥೆ ಹೇಳಿಬಿಡುತ್ತದೆ. 1999ರಲ್ಲಿ 'ಸ್ಟಾರ್ ವಾರ್ಸ್'ನ ಮೊದಲ ಕಂತಿನ ಆಲ್ಬಂ ಸಿನಿಮಾಕ್ಕಿಂತ ಮುಂಚೆಯೇ ಅಂಗಡಿಗೆ ಬಂತು. ಅದರ ಹಿಂದೆ ಒಂದು ತುಣುಕಿನ ಹೆಸರು, ಒಬ್ಬ ಮುಖ್ಯ ಪಾತ್ರ ಸಾಯುತ್ತಾನೆ ಅಂತ ನೇರವಾಗಿ ಬರೆದಿತ್ತು. ಟಿಕೆಟ್ ಕಾದು ಕೂತಿದ್ದ ಅಭಿಮಾನಿಗಳ ಪಾಡು ನೀವೇ ಯೋಚಿಸಿ.

6. ಒಂದೇ ಧಾಟಿಯ ಬೆನ್ನು ಹತ್ತಿ

ಇಷ್ಟು ಹೊತ್ತು ಹೇಳಿದ್ದೆಲ್ಲ ಇದಕ್ಕಾಗಿ. ಇದೊಂದು ಹಂತ ರೂಢಿಯಾದರೆ ಉಳಿದದ್ದು ತಪ್ಪಿದರೂ ನಷ್ಟವಿಲ್ಲ.

ಅಭ್ಯಾಸಕ್ಕೆ ಮೊದಲು 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' (1966) ಸಿನಿಮಾದ ಟೈಟಲ್ ಸಂಗೀತ ಹಾಕಿ. ಮೊರಿಕೋನೆಯದ್ದು. ಮೂರು ನಿಮಿಷವೂ ಇಲ್ಲ. ಅದರ ಮುಖ್ಯ ಧಾಟಿ ಎರಡೇ ಎರಡು ಸ್ವರಗಳ ನಡುವೆ ಪಟಪಟ ಹಾರಾಡುತ್ತದೆ. ಅಮೆರಿಕದ ಬಯಲಿನ ಕಯೋಟಿ, ಅಂದರೆ ನಮ್ಮ ನರಿಯಂಥ ಪ್ರಾಣಿ, ಊಳಿಟ್ಟ ಹಾಗಿದೆ. ಸಿನಿಮಾದಲ್ಲಿ ಮೂವರು ಮುಖ್ಯ ಪಾತ್ರಗಳು. ಮೂವರಿಗೂ ಇದೇ ಧಾಟಿ, ವಾದ್ಯ ಮಾತ್ರ ಬೇರೆ. ಒಬ್ಬನಿಗೆ ಕೊಳಲು, ಒಬ್ಬನಿಗೆ ಒಕರೀನಾ ಅನ್ನುವ ಮಣ್ಣಿನ ಊದುವಾದ್ಯ, ಇನ್ನೊಬ್ಬನಿಗೆ ಮನುಷ್ಯರ ಗಂಟಲು. ಸಿನಿಮಾ ನೋಡದಿದ್ದರೂ ಪರವಾಗಿಲ್ಲ. ಮೊದಲ ಸಲ ಧಾಟಿ ಗುರುತು ಹಿಡಿಯಿರಿ. ಎರಡನೇ ಸಲ ಈಗ ಯಾವ ವಾದ್ಯ, ಈಗ ಯಾವುದು ಅಂತ ಬೆರಳು ಮಡಚುತ್ತಾ ಹೋಗಿ. ಮೂರನೇ ಸಲ ಧಾಟಿ ಬಿಟ್ಟು, ಅದರ ಕೆಳಗೆ ನಡೆಯುತ್ತಿರುವ ಬಡಿತ ಮಾತ್ರ ಕೇಳಿ. ಒಂದೇ ತುಣುಕು ಮೂರು ಸಲವೂ ಬೇರೆಯಾಗಿ ಕೇಳಿಸಿದರೆ ಕಿವಿ ದಾರಿಗೆ ಬಂತು ಅಂತ ಅರ್ಥ.

ಆಮೇಲೆ ಇದಕ್ಕೆ ತದ್ವಿರುದ್ಧವಾದದ್ದು. 'ಇನ್‌ಸೆಪ್ಷನ್' (2010) ಆಲ್ಬಂನ ಕೊನೆಯಲ್ಲಿ 'ಟೈಮ್' ಅಂತ ಒಂದಿದೆ, ಝಿಮ್ಮರ್ ಅವರದ್ದು, ನಾಲ್ಕೂವರೆ ನಿಮಿಷ. ಅದರಲ್ಲಿ ಧಾಟಿ ಅಂತ ಹೇಳಿಕೊಳ್ಳುವಂಥದ್ದೇ ಕಡಿಮೆ. ನಾಲ್ಕು ಕಾರ್ಡ್‌ಗಳ ಒಂದು ಸಾಲು ಸುತ್ತಿ ಸುತ್ತಿ ಬರುತ್ತದೆ, ಅಷ್ಟೇ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸಿದ ಮೂರು ನಾಲ್ಕು ಸ್ವರಗಳ ಗೊಂಚಲು. ಹಾಗೆ ಬಿಡದೆ ಮರುಕಳಿಸುವ ಸಾಲಿಗೆ ಒಸ್ಟಿನಾಟೊ ಅನ್ನುತ್ತಾರೆ. ಇಲ್ಲಿ ಕೇಳಬೇಕಾದ್ದು ಪ್ರತಿ ಸುತ್ತಿನಲ್ಲೂ ಹೊಸದಾಗಿ ಏನು ಸೇರಿತು ಅನ್ನೋದನ್ನು. ಶುರುವಿನಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಆಮೇಲೆ ತಂತಿವಾದ್ಯ ಬರುತ್ತದೆ, ಗಿಟಾರ್ ಬರುತ್ತದೆ, ಕಹಳೆಗಳು ಸೇರಿಕೊಳ್ಳುತ್ತವೆ, ಕೋಣೆ ತುಂಬುತ್ತಾ ಹೋಗುತ್ತದೆ, ಇನ್ನು ಜಾಗವೇ ಇಲ್ಲ ಅನ್ನುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಇಳಿದುಹೋಗಿ ಪಿಯಾನೋ ಒಂದೇ ಉಳಿಯುತ್ತದೆ. ಮೊದಲ ಸುತ್ತಿನಲ್ಲಿದ್ದ ಅದೇ ಸಾಲು. ಆದರೆ ಈಗ ಅದು ಬೇರೆಯೇ ಥರ ಕೇಳಿಸುತ್ತದೆ.

"ಒಂದನ್ನೇ ಎಷ್ಟು ಸಲ ಬಾರಿಸ್ತಾರೆ ಮಾರಾಯ್ರೇ" ಅನ್ನುವ ದೂರು ಇಲ್ಲೇ ಬರೋದು. ದುಡಿ ಕೊಟ್ಟಿ, ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಡೋಲು ಬಡಿಯುತ್ತಾ, ಹಾಡೋದನ್ನು ಕೂತು ಕೇಳಿದವರು ಈ ಮಾತು ಹೇಳಬಾರದು. ಅಲ್ಲೂ ಬಡಿತ ಅದೇ, ಧಾಟಿಯೂ ಅದೇ, ಪದ ಬದಲಾಗುತ್ತಾ ಹೋಗುತ್ತದೆ. ಇಲ್ಲಿ ಪದದ ಬದಲು ವಾದ್ಯ ಬದಲಾಗುತ್ತದೆ.

ಇದಾದ ಮೇಲೆ ನೀವು ಐದನೇ ಹಂತದಲ್ಲಿ ಬರೆದಿಟ್ಟ ತುಣುಕಿಗೆ ವಾಪಸ್ ಬನ್ನಿ. ಅದರ ಧಾಟಿಯನ್ನು ಬಾಯಲ್ಲಿ ಗುನುಗೋಕೆ ಬರುವವರೆಗೆ ಕೇಳಿ. ಆಮೇಲೆ ಅದೇ ಆಲ್ಬಂ ಮೊದಲಿಂದ ಹಾಕಿ, ಆ ಧಾಟಿ ಬೇರೆ ಎಲ್ಲಿ ತಲೆ ಹಾಕುತ್ತದೆ ಹುಡುಕಿ. ಕೆಲವು ಕಡೆ ನಿಧಾನವಾಗಿ ಬರುತ್ತದೆ, ಕೆಲವು ಕಡೆ ಬರೀ ಮೊದಲ ಮೂರು ಸ್ವರ ತೋರಿಸಿ ಮಾಯವಾಗುತ್ತದೆ, ಕೆಲವು ಕಡೆ ಖುಷಿಯ ಧಾಟಿಯೇ ಅಳುವ ಹಾಗೆ ತಿರುಗಿರುತ್ತದೆ. ರಾಗ ಬಲ್ಲವರಿಗೆ ಒಂದು ಮಾತು: ಸುಮ್ನೆ ರಾಗ ಯಾವುದು ಅಂತ ಹುಡುಕುತ್ತಾ ಕೂರಬೇಡಿ. ಪಾಶ್ಚಾತ್ಯ ಸ್ಕೋರ್‌ಗಳಲ್ಲಿ ಧಾಟಿಗಿಂತ ಅದರ ಕೆಳಗಿನ ಕಾರ್ಡ್ ಬದಲಾವಣೆಯೇ ಮನಸ್ಸನ್ನು ತಿರುಗಿಸೋದು.

7. ಸಿನಿಮಾ ಯಾವಾಗ ನೋಡಬೇಕು?

ನೋಡಿದ ಸಿನಿಮಾದ ಬಿಜಿಎಂ ಕೇಳೋದು ಸುಲಭ, ಆದರೆ ಕಣ್ಣ ಮುಂದೆ ಸೀನು ಓಡುತ್ತಲೇ ಇರುತ್ತದೆ. ನೋಡದ್ದನ್ನು ಕೇಳೋದು ಕಷ್ಟ, ಆದರೆ ಸಂಗೀತ ಪೂರ್ತಿ ನಿಮ್ಮದೇ. ನಾನು ಎರಡನೆಯದರ ಪಕ್ಷ. ಆಲ್ಬಂ ಒಗ್ಗಿದ ಮೇಲೆ ಬೇಕಾದರೆ ಸಿನಿಮಾ ನೋಡಿ. ಮೆಚ್ಚಿದ ತುಣುಕು ಸಿನಿಮಾದಲ್ಲಿ ಬರೀ ಹತ್ತು ಸೆಕೆಂಡ್ ಬಂದು ಹೋಗಬಹುದು, ಬರದೇ ಇರಲೂಬಹುದು. ಆಲ್ಬಂಗೆ ಅಂತ ತುಣುಕುಗಳನ್ನು ಜೋಡಿಸೋದು, ಹಿಂದು ಮುಂದು ಮಾಡೋದು ಮಾಮೂಲು.

ಸಿನಿಮಾದ ಹಂಗೇ ಇಲ್ಲದ ಒಂದು ಉದಾಹರಣೆ ಕೊಡುತ್ತೇನೆ. '2001: ಎ ಸ್ಪೇಸ್ ಒಡಿಸ್ಸಿ'ಗೆ (1968) ಅಲೆಕ್ಸ್ ನಾರ್ತ್ ಅನ್ನುವವರು ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ನಿರ್ದೇಶಕ ಕುಬ್ರಿಕ್ ಎಡಿಟ್ ಮಾಡುವಾಗ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ ಹಳೆಯ ಶಾಸ್ತ್ರೀಯ ಸಂಗೀತವನ್ನೇ ಕೊನೆಗೂ ಉಳಿಸಿಕೊಂಡರು. ಹೀಗೆ ತಾತ್ಕಾಲಿಕವಾಗಿ ಇಡೋದಕ್ಕೆ ಟೆಂಪ್ ಟ್ರ್ಯಾಕ್ ಅನ್ನುತ್ತಾರೆ. ನಾರ್ತ್ ಬರೆದದ್ದನ್ನು 1993ರಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ಆರ್ಕೆಸ್ಟ್ರಾದಲ್ಲಿ ನುಡಿಸಿ ಆಲ್ಬಂ ತಂದರು. ಮೊದಲ ಹಂತದಲ್ಲಿ ಬೇರೆಯವರು ನುಡಿಸಿದ್ದು ಬೇಡ ಅಂದೆನಲ್ಲ, ಇದು ಅದಕ್ಕೆ ಹೊರತು.

8. ಆಲ್ಬಂ ಇಲ್ಲದ ಹಳೆಯ ಕನ್ನಡ ಸಿನಿಮಾಗಳು

ಹಿಂದೆ ನಮ್ಮಲ್ಲಿ ರೆಕಾರ್ಡ್, ಕ್ಯಾಸೆಟ್ ಬರುತ್ತಿದ್ದದ್ದು ಹಾಡಿಗೆ. ಬಿಜಿಎಂ ಅಂತ ಬೇರೆ ಬರುತ್ತಿದ್ದದ್ದು ತೀರಾ ಅಪರೂಪ. 'ಸಂಸ್ಕಾರ'ಕ್ಕೆ (1970) ಸರೋದ್ ವಾದಕ ರಾಜೀವ ತಾರಾನಾಥರು, 'ಘಟಶ್ರಾದ್ಧ'ಕ್ಕೆ (1977) ಬಿ.ವಿ. ಕಾರಂತರು ಮಾಡಿದ ಕೆಲಸ ಕೇಳಬೇಕಾದರೆ ಸಿನಿಮಾದೊಳಗೇ ಹೋಗಬೇಕು. ಅದಕ್ಕೊಂದು ಉಪಾಯ: ಟೈಟಲ್ ಕಾರ್ಡ್ ಓಡುವ ಮೊದಲ ಎರಡು ಮೂರು ನಿಮಿಷ ಕಣ್ಣು ಮುಚ್ಚಿ ಕೇಳಿ. ಹೆಸರುಗಳು ಬರುವಾಗ ಸಾಮಾನ್ಯವಾಗಿ ಮಾತಿರುವುದಿಲ್ಲ, ಹಾಗಾಗಿ ಸಂಗೀತಕ್ಕೆ ಅಲ್ಲಿ ಪೂರ್ತಿ ಜಾಗ. ಇಂಥ ಟೈಟಲ್ ಸಂಗೀತಗಳನ್ನೇ ಒಂದು ಸಂಜೆ ಸಾಲಾಗಿ ಕೇಳಿ ನೋಡಿ. ಯಾರು ವೀಣೆ ಹಿಡಿದರು, ಯಾರು ಚರ್ಮವಾದ್ಯ ಹಿಡಿದರು, ಯಾರು ಸುಮ್ಮನಿದ್ದು ಕೆಲಸ ಮಾಡಿದರು ಅಂತ ಬೇರೆ ಬೇರೆ ಗೊತ್ತಾಗುತ್ತದೆ.

9. ಕತ್ತರಿ ಆಡಿಸಿ

ಒಂದು ಆಲ್ಬಂನಲ್ಲಿ ಇಪ್ಪತ್ತೈದು ತುಣುಕು ಇದ್ದರೆ ಹತ್ತು ಬರೀ ಹಿಂದೆ ಹೊಗೆ ಹಾಕೋಕೆ ಬರೆದದ್ದಿರುತ್ತದೆ. ನಿಮಿಷಗಟ್ಟಲೆ ಒಂದೇ ಸ್ವರ ಗುಂಯ್ ಅನ್ನುತ್ತದೆ, ಇಲ್ಲವೇ ಕಾರ್ ಚೇಸ್‌ಗೆ ಬೇಕಾದ ಧಡಧಡ. ದೊಡ್ಡವರ ಹೆಸರಿದೆ ಅಂತ ಸಹಿಸಿಕೊಂಡು ಕೂರಬೇಡಿ. ಪೂರ್ತಿ ಆಲ್ಬಂ ಎರಡು ಸಲ ಕೇಳಿದ ಮೇಲೆ ಮೆಚ್ಚಿದ ಏಳೆಂಟನ್ನು ಎತ್ತಿ ಪ್ಲೇಲಿಸ್ಟ್ ಮಾಡಿ, ಆಲ್ಬಂನಲ್ಲಿದ್ದ ಕ್ರಮದಲ್ಲೇ. ಬೇರೆ ಬೇರೆ ಸಿನಿಮಾದವನ್ನು ಕಲಸಬೇಡಿ, ಶುರುವಿನಲ್ಲಂತೂ ಬೇಡ. ಕಲಸಿದರೆ ಒಂದು ಧಾಟಿ ತಿರುಗಿ ಬರುವ ಮಜಾ ಹೋಗುತ್ತದೆ, ಎಲ್ಲವೂ ರಿಂಗ್‌ಟೋನ್ ಆಗಿಬಿಡುತ್ತವೆ.

ಇನ್ನು ಎರಡು ಪ್ರಶ್ನೆ ಉಳಿದಿವೆ.

ಓದುವಾಗ ಹಾಕಿಕೊಳ್ಳಬಹುದಾ? ಹಾಕಿಕೊಳ್ಳಿ, ಆದರೆ ಅದು ಕೇಳೋದಲ್ಲ. ಓದೋಕೆ ಬೇಕಾದ್ದು ಏರಿಳಿತ ಇಲ್ಲದ ತುಣುಕುಗಳು, ಅಂದರೆ ಮೇಲೆ ಕತ್ತರಿಸಿ ಬಿಟ್ಟಿರಲ್ಲ, ಅವೇ. ಅವುಗಳದ್ದೇ ಬೇರೆ ಪ್ಲೇಲಿಸ್ಟ್ ಮಾಡಿ ಪರೀಕ್ಷೆ ಹೊತ್ತಿಗೆ ಇಟ್ಟುಕೊಳ್ಳಿ.

ದುಡ್ಡು ಕೊಡದೆ ಆಗಲ್ವಾ? ಆಗುತ್ತದೆ, ಆದರೆ ಮೆಲ್ಲಗಿನ ತುಣುಕಿನ ಪಕ್ಕದಲ್ಲೇ ಜಾಹೀರಾತು ಅರಚುತ್ತದೆ, ಆಲ್ಬಂ ಕ್ರಮವೂ ಕೆಲವು ಆ್ಯಪ್‌ನಲ್ಲಿ ಕೈಗೆ ಸಿಗುವುದಿಲ್ಲ. ಹಾಗಾಗಿ ಮೊದಲು ಆರನೇ ಹಂತದ ಎರಡು ತುಣುಕುಗಳನ್ನು ಉಚಿತವಾಗಿ ಸಿಗುವ ಕಡೆ ಕೇಳಿ ನೋಡಿ. ಹಿಡಿಸಿದರೆ ಒಂದು ತಿಂಗಳ ಚಂದಾ ಕಟ್ಟಿ, ಮಳೆಗಾಲದ ಶುರುವಿನಲ್ಲಿ ಕಟ್ಟಿದರೆ ಜಾಸ್ತಿ ಉಪಯೋಗ.